ಪೋಕೆಮಾನ್ ‘ಮೆಗಾ ಎವಲ್ಯೂಷನ್’ ಸೆಟ್: ಆಡೋರಿಗೆ ಒಂದು ಲೆಕ್ಕ, ಕೂಡಿಡೋರಿಗೆ ಇನ್ನೊಂದು

ಈ ವಾರದ ಎಪಿಸೋಡ್ ಪೋಕೆಮಾನ್ ಕಾರ್ಡ್ ಬಗ್ಗೆ. “ಏನ್ರಿ, ಸಣ್ಣ ಹುಡುಗರ ಆಟ” ಅಂತ ಸ್ಕಿಪ್ ಮಾಡಬ್ಯಾಡ್ರಿ. ಇದು ಅರ್ಧ ಆಟದ ವಿಷಯ, ಅರ್ಧ ರೊಕ್ಕದ ವಿಷಯ.

ದೀಪಾವಳಿ ಮುಗಿದ ವಾರ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದ. ಗೋಕುಲ ರೋಡ್ ಕಡೆ ಒಂದು ವರ್ಕ್‌ಶಾಪ್‌ನಲ್ಲಿ ಕೆಲಸ, ವಯಸ್ಸು ಇಪ್ಪತ್ತೆರಡು. “ಅಣ್ಣಾ, ಬೋನಸ್ ಬಂದೈತಿ. ಮೆಗಾ ಎವಲ್ಯೂಷನ್ ಬೂಸ್ಟರ್ ಬಾಕ್ಸ್ ಎರಡು ತಗೋಬೇಕಂತ ಮಾಡೇನಿ. ಒಂದು ಒಡಿತೀನಿ, ಇನ್ನೊಂದು ಹಂಗ ಇಡ್ತೀನಿ. ಐದು ವರ್ಷಕ್ಕ ಡಬಲ್ ಆಕ್ಕೈತಲ್ಲ?” ಇದರೊಳಗೆ ಮೂರು ಪ್ರಶ್ನೆ ಸೇರಿಕೊಂಡಿವೆ. ಸೆಟ್ ಆಡೋಕೆ ಚೆನ್ನಾಗಿದೆಯಾ? ಕೂಡಿಡೋಕೆ ಚೆನ್ನಾಗಿದೆಯಾ? ರೊಕ್ಕ ಬೆಳೆಸುತ್ತಾ? ಮೂರಕ್ಕೂ ಉತ್ತರ ಬೇರೆ ಬೇರೆ.

ಮೊದಲು ಹೊಸಬರಿಗೆ ಒಂದು ನಿಮಿಷ. ಮೆಗಾ ಎವಲ್ಯೂಷನ್ ಇಂಗ್ಲಿಷ್‌ನಲ್ಲಿ ಬಿಡುಗಡೆ ಆಗಿದ್ದು 2025ರ ಸೆಪ್ಟೆಂಬರ್ 26ಕ್ಕೆ. 2023ರ ಮಾರ್ಚ್‌ನಿಂದ ನಡೆದಿದ್ದ ಸ್ಕಾರ್ಲೆಟ್ ಆ್ಯಂಡ್ ವಯೊಲೆಟ್ ಸರಣಿ ಮುಗಿದ ಮೇಲೆ ಬಂದ ಹೊಸ ಸರಣಿಯ ಮೊದಲ ಸೆಟ್ ಇದು. ಟ್ರೇಡಿಂಗ್ ಕಾರ್ಡ್ ಆಟದಲ್ಲಿ ಕೆಲವು ತಿಂಗಳಿಗೊಮ್ಮೆ ಹೊಸ ಕಾರ್ಡ್‌ಗಳ ಕಂತು ಬರುತ್ತದೆ. ಅದಕ್ಕೆ ಎಕ್ಸ್‌ಪಾನ್ಷನ್ ಅಂತಾರೆ, ನಾವು ಸೆಟ್ ಅಂತೀವಿ. ಕಾರ್ಡ್ ಸಿಗೋದು ಮುಚ್ಚಿದ ಬೂಸ್ಟರ್ ಪ್ಯಾಕ್‌ನಲ್ಲಿ. ಪ್ಯಾಕಿಗೆ ಆಟದ ಕಾರ್ಡ್ ಹತ್ತು, ಒಳಗೆ ಯಾವುದಿದೆ ಅಂತ ಒಡೆಯೋವರೆಗೆ ಗೊತ್ತಾಗಲ್ಲ. ಬೂಸ್ಟರ್ ಬಾಕ್ಸ್ ಅಂದರೆ ಅಂಥ 36 ಪ್ಯಾಕ್. ಸಣ್ಣವರಿದ್ದಾಗ ಚಿಪ್ಸ್ ಪ್ಯಾಕಿನಲ್ಲಿ ಟ್ಯಾಜೋ ಹುಡುಕಿದ್ದು ನೆನಪು ಮಾಡ್ಕೊಳ್ರಿ. ಅದೇ ಆಸೆ, ಚಿಪ್ಸ್ ಮಾತ್ರ ಇಲ್ಲ.

ಒಂದು ಅಡ್ಡ ಮಾತು. ಎಲೆ ಜಾಸ್ತಿ ಮಾಡಿ ಆಟ ಬೆಳೆಸೋದು ಕರ್ನಾಟಕಕ್ಕೆ ಹೊಸದೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲೇ ಗಂಜೀಫಾದಲ್ಲಿ ಹದಿಮೂರು ಹೊಸ ಆಟ ಕಟ್ಟಿದ್ದರು. ಸಾಮಾನ್ಯ ದಶಾವತಾರ ಗಂಜೀಫಾಕ್ಕೆ 120 ಎಲೆ ಸಾಕು, ಒಡೆಯರ ಕಟ್ಟುಗಳು 360 ಎಲೆಯವರೆಗೂ ಹೋದವು. ವ್ಯತ್ಯಾಸ ಒಂದೇ. ಅಲ್ಲಿ ಕಟ್ಟು ಪೂರ್ತಿಯಾಗಿ ಕೈಗೆ ಬರುತ್ತಿತ್ತು, ಇಲ್ಲಿ ಹತ್ತು ಹತ್ತು ಎಲೆ ಕಣ್ಣು ಮುಚ್ಚಿ ಕೊಳ್ಳಬೇಕು.

ಈಗ ಆಟ. ಒಂದು ಡೆಕ್‌ನಲ್ಲಿ 60 ಕಾರ್ಡ್. ಒಂದೇ ಹೆಸರಿನದು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ, ಬೇಸಿಕ್ ಎನರ್ಜಿ ಕಾರ್ಡ್ ಬಿಟ್ಟು. ಇಬ್ಬರೂ ಆರಾರು ಪ್ರೈಜ್ ಕಾರ್ಡ್ ಪಕ್ಕಕ್ಕೆ ಇಟ್ಕೊಂಡು ಶುರು ಮಾಡ್ತಾರೆ. ಎದುರಿನವರ ಪೋಕೆಮಾನ್ ಸೋಲಿಸಿದಾಗೆಲ್ಲ ನಿಮ್ಮ ಪ್ರೈಜ್ ತಗೋತೀರಿ, ಆರೂ ಮೊದಲು ಮುಗಿಸಿದವರು ಗೆದ್ದಂಗೆ. ಸಾದಾ ಪೋಕೆಮಾನ್ ಬಿದ್ದರೆ ಒಂದು ಪ್ರೈಜ್, ‘ಇಎಕ್ಸ್’ ಬಿದ್ದರೆ ಎರಡು. ಈ ಸೆಟ್‌ನ ಮೆಗಾ ಎವಲ್ಯೂಷನ್ ಇಎಕ್ಸ್ ಬಿದ್ದರೆ ಮೂರು. ಅಂದರೆ ನಿಮ್ಮ ಎರಡು ಮೆಗಾ ಉರುಳಿದರೆ ಆಟ ಮುಗೀತು. ಇಡೀ ಸೆಟ್‌ನ ರುಚಿ ಇರೋದು ಈ ಒಂದು ನಿಯಮದಲ್ಲಿ. ಕಾರ್ಡ್ ದೊಡ್ಡದಾದಷ್ಟೂ ಅದನ್ನ ಮುಂದೆ ತಂದು ನಿಲ್ಲಿಸೋ ಭಯ ದೊಡ್ಡದು.

2014ರ ಎಕ್ಸ್‌ವೈ ಸರಣಿಯಲ್ಲೂ ಮೆಗಾ ಇತ್ತು. ಆಗ ಮೆಗಾ ಆದ ಕೂಡಲೇ ಸಾಮಾನ್ಯವಾಗಿ ನಿಮ್ಮ ಸರದಿ ಮುಗಿದುಹೋಗ್ತಿತ್ತು. ಈಗ ಆ ಕಾಟ ಇಲ್ಲ. ರಿಯೊಲು ಇಟ್ಟಿದ್ದರೆ ಅದರ ಮೇಲೆ ನೇರವಾಗಿ ಮೆಗಾ ಲುಕಾರಿಯೊ ಇಎಕ್ಸ್ ಬರುತ್ತೆ, ಅದೇ ಸರದಿಯಲ್ಲಿ ಹೊಡೀಬಹುದು. 340 ಎಚ್‌ಪಿ. ಮೊದಲ ಏಟು ಒಂದೇ ಎನರ್ಜಿಗೆ 130, ಜೊತೆಗೆ ಬಿಸಾಕಿದ ರಾಶಿಯಿಂದ ಮೂರು ಫೈಟಿಂಗ್ ಎನರ್ಜಿವರೆಗೆ ಎತ್ತಿ ಹಿಂದೆ ಕೂತವರಿಗೆ ಹಚ್ಚುತ್ತೆ. ಎರಡನೇ ಏಟು 270, ಆದರೆ ಮುಂದಿನ ಸರದಿಯಲ್ಲಿ ಅದನ್ನೇ ಮತ್ತೆ ಬಳಸುವಂಗಿಲ್ಲ. ಹೊಸಬರಿಗೂ ಅರ್ಥ ಆಗೋ ಡೆಕ್, ಏಟು ನೇರ.

ಮೆಗಾ ಗಾರ್ಡೆವಾರ್ ಇಎಕ್ಸ್ ಬೇರೆ ಸ್ವಭಾವದ್ದು. 360 ಎಚ್‌ಪಿ, ಎರಡು ಹಂತ ದಾಟಿ ಬರಬೇಕು, ಆದ್ದರಿಂದ ನಿಧಾನ. ಮೊದಲ ಏಟಿನಲ್ಲಿ ಡ್ಯಾಮೇಜೇ ಇಲ್ಲ. ಡೆಕ್‌ನಿಂದ ಸೈಕಿಕ್ ಎನರ್ಜಿ ತೆಗೆದು ಬೆಂಚಿನಲ್ಲಿ ಕೂತ ಒಬ್ಬೊಬ್ಬರಿಗೂ ಒಂದೊಂದು ಹಚ್ಚುತ್ತೆ. ಎರಡನೇ ಏಟು, ನಿಮ್ಮ ಕಡೆ ಇರೋ ಪ್ರತಿ ಸೈಕಿಕ್ ಎನರ್ಜಿಗೆ 50. ಲುಕಾರಿಯೊಗೆ ಸೈಕಿಕ್ ಏಟು ಎರಡರಷ್ಟು ಬೀಳುತ್ತೆ. ಹಂಗಾಗಿ ನಾಲ್ಕೇ ಎನರ್ಜಿ ಇದ್ದರೂ 200ರ ಡಬಲ್ 400 ಆಗಿ 340 ಎಚ್‌ಪಿ ಲುಕಾರಿಯೊ ಒಂದೇ ಏಟಿಗೆ ಮಲಗುತ್ತೆ, ಮೂರು ಪ್ರೈಜ್ ಹೋದವು. ಸೆಟ್‌ನ ಇಬ್ಬರು ಹೀರೊಗಳಲ್ಲಿ ಒಬ್ಬ ಇನ್ನೊಬ್ಬನಿಗೆ ಮಾರಿ ಆಗಿರೋದು ನನಗೆ ಬಹಳ ಇಷ್ಟ ಆಯ್ತು. ಇದರ ಜೊತೆ ಮೆಗಾ ಕಂಗಸ್ಖಾನ್ ಇದೆ. ಬೇಸಿಕ್ ಕಾರ್ಡು, ಮುಂದೆ ನಿಂತಾಗ ಸರದಿಗೊಮ್ಮೆ ಎರಡು ಕಾರ್ಡ್ ಎಳೆದುಕೊಡುತ್ತೆ.

ಆದರೆ ಆಡೋರು ಮೊದಲು ಕೊಳ್ಳಬೇಕಾದ್ದು ಇವು ಯಾವುದೂ ಅಲ್ಲ ಅಂತ ನನ್ನ ಅಭಿಪ್ರಾಯ. ‘ಲಿಲೀಸ್ ಡಿಟರ್ಮಿನೇಷನ್’ ಅಂತ ಒಂದು ಸಪೋರ್ಟರ್ ಕಾರ್ಡ್ ಇದೆ. ಕೈಲಿರೋದನ್ನ ಡೆಕ್‌ಗೆ ಕಲಸಿ ಆರು ಹೊಸ ಕಾರ್ಡ್ ಎಳೀಬಹುದು. ನಿಮ್ಮ ಆರೂ ಪ್ರೈಜ್ ಇನ್ನೂ ಹಂಗೇ ಇದ್ದರೆ ಎಂಟು. ಇದು ಯಾವ ಡೆಕ್‌ನಲ್ಲೂ ಕೆಲಸಕ್ಕೆ ಬರುತ್ತೆ. ಮೆಗಾ ಫ್ಯಾಷನ್ ಹೋದರೂ ಇದು ಹೋಗಲ್ಲ.

ಇಲ್ಲೇ ರೊಕ್ಕದ ಮೊದಲ ಪಾಠ. ಮೆಗಾ ಲುಕಾರಿಯೊ ಈ ಸೆಟ್‌ನಲ್ಲಿ ಒಂದಕ್ಕಿಂತ ಹೆಚ್ಚು ವೇಷದಲ್ಲಿ ಬಂದಿದೆ. ಸಾದಾ ಇದೆ, ಪೂರ್ತಿ ಚಿತ್ರದ್ದಿದೆ, ಚಿನ್ನದ ಬಣ್ಣದ್ದಿದೆ. ಬೆಲೆ ಆಕಾಶ ಭೂಮಿ, ಆಟದಲ್ಲಿ ಎಲ್ಲದಕ್ಕೂ ಅದೇ 340, ಅದೇ 270. ಆಡೋನಿಗೆ ಅಗ್ಗದ್ದೇ ಸರಿಯಾದ ಕಾರ್ಡ್. ಡೆಕ್ ಕಟ್ಟೋದಾದ್ರೆ ಬೇಕಾದ ಕಾರ್ಡನ್ನ ಬಿಡಿಯಾಗಿ, ಅಂದರೆ ಸಿಂಗಲ್ಸ್ ಆಗಿ ಕೊಳ್ರಿ. ಬಾಕ್ಸ್ ಒಡೆದು ನಾಲ್ಕು ಲಿಲೀ ಬರಲಿ ಅಂತ ಕಾಯೋದು, ಒಂದು ಪ್ಲೇಟ್ ಗಿರಮಿಟ್‌ಗೆ ಮಂಡಕ್ಕಿ ಭಟ್ಟಿ ಕೊಂಡಂಗೆ. ಇನ್ನೂ ಒಬ್ಬರೂ ಆಡಿಲ್ಲ ಅಂದ್ರೆ ಬಿಲ್ಡ್ ಆ್ಯಂಡ್ ಬ್ಯಾಟಲ್ ಬಾಕ್ಸ್ ಸಾಕು: 40 ಕಾರ್ಡಿನ ತಯಾರಾದ ಡೆಕ್, ಜೊತೆಗೆ ನಾಲ್ಕು ಬೂಸ್ಟರ್. ಅದಕ್ಕೂ ಮೊದಲು ಫೋನ್‌ನಲ್ಲಿ ಪೋಕೆಮಾನ್ ಟಿಸಿಜಿ ಲೈವ್ ಹಾಕ್ಕೊಂಡು ಪುಕ್ಕಟೆ ಆಡಿ ನೋಡ್ರಿ. ಲೈವ್ ಅಂತ ಒತ್ತಿ ಹೇಳ್ತಿದ್ದೀನಿ. ‘ಪಾಕೆಟ್’ ಬೇರೆ ಆಟ, ಅಲ್ಲಿ 20 ಕಾರ್ಡಿನ ಡೆಕ್, ನಿಯಮವೂ ಬೇರೆ. ಅದರಲ್ಲೂ 2025ರ ಅಕ್ಟೋಬರ್ 30ಕ್ಕೆ ‘ಮೆಗಾ ರೈಸಿಂಗ್’ ಬಂದು ಎಲ್ಲರಿಗೂ ಗೊಂದಲ ಆಗಿತ್ತು.

ಮತ್ತೊಂದು ಸಣ್ಣ ವಿಷಯ. ಕಾರ್ಡಿನ ಕೆಳಗೆ ಎಡಗಡೆ ಒಂದು ಪುಟ್ಟ ಇಂಗ್ಲಿಷ್ ಅಕ್ಷರ ಇರುತ್ತೆ. 2025ರ ಕೊನೆಯಲ್ಲಿ ಸ್ಟ್ಯಾಂಡರ್ಡ್ ಪಂದ್ಯಕ್ಕೆ ನಡೀತಿದ್ದದ್ದು ಜಿ, ಎಚ್, ಐ. 2025ರ ಏಪ್ರಿಲ್ 11ಕ್ಕೆ ಎಫ್ ಅಕ್ಷರದವು ಹೊರಗೆ ಹೋದವು. ಯಾರಾದರೂ ಹಳೇ ಡೆಕ್ ಅಗ್ಗಕ್ಕೆ ಮಾರೋಕೆ ಬಂದರೆ ಮೊದಲು ಆ ಅಕ್ಷರ ನೋಡ್ರಿ.

ಕೂಡಿಡೋರ ವಿಷಯಕ್ಕೆ ಬರೋಣ. ಸೆಟ್‌ನ ಅಧಿಕೃತ ಸಂಖ್ಯೆ 132. ಅದರ ಮೇಲೆ ಇನ್ನೂ 56 ಕಾರ್ಡ್, ಒಟ್ಟು 188. ಮೂಲೆಯಲ್ಲಿ 188/132 ಅಂತ ಕಂಡರೆ ಪ್ರಿಂಟ್ ತಪ್ಪಲ್ಲ, ಅದು ಚಿನ್ನದ ಬಣ್ಣದ ಮೆಗಾ ಲುಕಾರಿಯೊ, ಎಲ್ಲರೂ ಹುಡುಕೋದು ಅದನ್ನೇ. ಮೊದಲ 132 ಕೂಡಿಸೋದು ಕಷ್ಟ ಅಲ್ಲ. ಗೆಳೆಯರ ಜೊತೆ ಅದಲುಬದಲು ಮಾಡ್ಕೊಂಡರೆ ಬೇಗ ಆಗುತ್ತೆ, ಮಜಾನೂ ಇದೆ. ಮೇಲಿನ 56 ಮಾತ್ರ ಬೇರೆ ಕಥೆ.

ಇಂಗ್ಲಿಷ್ ಪ್ಯಾಕಿನಲ್ಲಿ ಯಾವ ಕಾರ್ಡ್ ಎಷ್ಟು ಪ್ಯಾಕಿಗೊಂದು ಅಂತ ಕಂಪನಿ ಹೇಳಲ್ಲ. ಯೂಟ್ಯೂಬ್‌ನಲ್ಲಿ ಸಿಗೋ ಅಂಕಿಗಳು, ಪ್ಯಾಕ್ ಒಡೆದವರು ತಾವೇ ಎಣಿಸಿದ್ದು. ಹಂಗಾಗಿ ಲೆಕ್ಕಕ್ಕೆ ನಾನು ಒಂದು ಅಂಕಿ ಹಿಡೀತೀನಿ: ನಿಮಗೆ ಬೇಕಾದ ಒಂದು ಕಾರ್ಡ್ ಸರಾಸರಿ 100 ಪ್ಯಾಕಿಗೊಮ್ಮೆ ಬರುತ್ತೆ ಅಂತ ಇಟ್ಕೊಳ್ರಿ. 100 ಪ್ಯಾಕ್ ಒಡೆದರೆ ಸಿಕ್ಕೇ ಸಿಗುತ್ತೆ ಅಂದ್ಕೋತೀವಿ. ಇಲ್ರಿ. ಒಂದು ಪ್ಯಾಕಿನಲ್ಲಿ ಸಿಗದೇ ಇರೋ ಸಾಧ್ಯತೆ 0.99. ಅದನ್ನ ನೂರು ಸಲ ಗುಣಿಸಿದ್ರೆ ಸುಮಾರು 0.37. ಅಂದರೆ ನೂರು ಜನ ತಲಾ ನೂರು ಪ್ಯಾಕ್ ಒಡೆದರೆ, ಸುಮಾರು 37 ಜನರ ಕೈಗೆ ಆ ಕಾರ್ಡ್ ಬರೋದೇ ಇಲ್ಲ. ಒಂದು ಬಾಕ್ಸ್, 36 ಪ್ಯಾಕ್ ಮಾತ್ರ ಆದರೆ? ಸಿಗದೇ ಇರೋರು ಸುಮಾರು 70. ಪ್ಯಾಕಿಗೆ 400 ರೂಪಾಯಿ ಅಂತ ಹಿಡಿದರೆ ಬಾಕ್ಸಿಗೆ 14,400, ನೂರು ಪ್ಯಾಕಿಗೆ 40,000. ಫೋನಿನ ಕ್ಯಾಲ್ಕುಲೇಟರ್‌ನಲ್ಲೇ ನೀವೂ ಮಾಡಿ ನೋಡಬಹುದು. ಮುಂದಿನ ಪ್ಯಾಕಿಗೆ ಹಿಂದಿನ ಪ್ಯಾಕಿನ ನೆನಪಿರಲ್ಲ. “ಇಷ್ಟು ಒಡೆದೇನಿ, ಇನ್ನ ಬರಬೇಕು” ಅನ್ನೋದು ನಮ್ಮ ತಲೆಯೊಳಗಿನ ಮಾತು.

ಒಡೆಯೋ ಖುಷಿಗೆ ನಾನು ವಿರೋಧಿ ಅಲ್ಲ. ಸಿನಿಮಾ ಟಿಕೆಟ್‌ಗೆ ರೊಕ್ಕ ಕೊಡ್ತೀವಿ, ವಾಪಸ್ ಕೇಳಲ್ಲ. ತಿಂಗಳಿಗೆ ಎರಡು ಪ್ಯಾಕ್ ಆ ಖಾತೆಗೆ ಹಾಕ್ರಿ. ಒಂದೇ ಕಾರ್ಡಿನ ಮೇಲೆ ಮನಸ್ಸು ಕೂತಿದ್ರೆ ಅದನ್ನೇ ಬಿಡಿಯಾಗಿ ಕೊಳ್ರಿ, ಅದೂ ಅವಸರ ಮಾಡದೆ. ಬಿಡುಗಡೆಯ ಮೊದಲ ವಾರಗಳಲ್ಲಿ ಎಲ್ಲರಿಗೂ ಬೇಕು, ಕಾರ್ಡ್ ಕಡಿಮೆ. 2025ರ ನವೆಂಬರ್ 14ಕ್ಕೆ ‘ಫ್ಯಾಂಟಾಸ್ಮಲ್ ಫ್ಲೇಮ್ಸ್’ ಬಂತು, ಅದರಲ್ಲಿ ಮೆಗಾ ಚಾರಿಜಾರ್ಡ್ ಎಕ್ಸ್ ಇದೆ. ಜನರ ಕಣ್ಣು ಆ ಕಡೆ ತಿರುಗಿದಾಗ ಈ ಸೆಟ್‌ನ ಕಾರ್ಡ್ ಕೇಳೋದು ಜಾಣತನ ಅಂತ ನನಗನಿಸುತ್ತೆ. ತಂದ ಮೇಲೆ ಸ್ಲೀವ್ ಹಾಕೋದು ಮರೀಬ್ಯಾಡ್ರಿ. ಹುಬ್ಬಳ್ಳಿ ಧೂಳಿಗೆ ಹೊಳೆಯೋ ಕಾರ್ಡ್ ಅಂತ ಕರುಣೆ ಇಲ್ಲ.

ಇನ್ನು ಮೂರನೇ ಪ್ರಶ್ನೆ, ಬಾಕ್ಸ್ ಮುಚ್ಚಿ ಐದು ವರ್ಷ ಇಡೋದು. ಬಿ.ಕಾಂ.ನಲ್ಲಿ ಕಲಿತ ಒಂದು ಪದ ಇಲ್ಲಿ ಬೇಕು: ಲಿಕ್ವಿಡಿಟಿ. ವಸ್ತುವನ್ನ ಬೇಕಾದಾಗ, ಬೆಲೆ ಬೀಳಿಸದೆ ರೊಕ್ಕ ಮಾಡ್ಕೊಳ್ಳೋದು ಎಷ್ಟು ಸುಲಭ ಅನ್ನೋದು. ಬಂಗಾರಕ್ಕೆ ಅದಿದೆ, ಯಾವ ಪೇಟೆಗೆ ಹೋದರೂ ಅವತ್ತಿನ ದರ ಹೇಳ್ತಾರೆ. ನಿಮ್ಮ ಬಾಕ್ಸ್ ಹಿಡ್ಕೊಂಡು ಕೊಪ್ಪಿಕರ ರೋಡ್ ತುಂಬ ಅಡ್ಡಾಡಿದ್ರೂ ಯಾರು ದರ ಹೇಳ್ತಾರೆ? ಮಾರೋದು ಇನ್‌ಸ್ಟಾಗ್ರಾಂ, ವಾಟ್ಸಾಪ್ ಗುಂಪಿನಲ್ಲಿ, ಕೊಳ್ಳೋನು ಬೆಂಗಳೂರಿನಲ್ಲೋ ಮುಂಬೈನಲ್ಲೋ ಇರ್ತಾನೆ. ವಿದೇಶಿ ವೆಬ್‌ಸೈಟ್‌ನಲ್ಲಿ 10,000 ಅಂತ ಕಂಡ ಕಾರ್ಡಿಗೆ ಅವನು 7,500 ಅಂತಾನೆ, ಕೊರಿಯರ್, ಪ್ಯಾಕಿಂಗ್ 300 ನಿಮ್ಮದು. ಕೈಗೆ ಬಂದದ್ದು 7,200. ಇದು ನಾನು ಕಟ್ಟಿದ ಉದಾಹರಣೆ, ಆದರೆ ಚೌಕಾಸಿ ನಡೆಯೋದು ಹಿಂಗೇ. ಪರದೆ ಮೇಲಿನ ಬೆಲೆ ಒಬ್ಬ ಮಾರಾಟಗಾರನ ಆಸೆ ಅಷ್ಟೇ.

ರೀಲ್ಸ್‌ನಲ್ಲಿ ತೋರಿಸೋದು ಗೆದ್ದ ಸೆಟ್ ಮಾತ್ರ. 2021ರ ಆಗಸ್ಟ್‌ನ ‘ಇವಾಲ್ವಿಂಗ್ ಸ್ಕೈಸ್’, ಅದರ ಅಂಬ್ರಿಯನ್ ಕಾರ್ಡ್ ಎಲ್ಲರಿಗೂ ಗೊತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಬಂದ ‘ಬ್ಯಾಟಲ್ ಸ್ಟೈಲ್ಸ್’ ಬಗ್ಗೆ ಎಷ್ಟು ರೀಲ್ ನೋಡೀರಿ? ಲೋಗನ್ ಪಾಲ್ 52,75,000 ಡಾಲರ್‌ಗೆ ಕೊಂಡ ಪಿಕಾಚು ಇಲಸ್ಟ್ರೇಟರ್ ಅಂತೂ ಜಪಾನಿನ ಚಿತ್ರ ಸ್ಪರ್ಧೆಯ ಬಹುಮಾನ, ಪ್ಯಾಕಿನಲ್ಲಿ ಬಂದದ್ದೇ ಅಲ್ಲ. ಈಗಿನ ಸೆಟ್‌ಗಳನ್ನ ಬೇಡಿಕೆ ನೋಡಿ ಮತ್ತೆ ಮತ್ತೆ ಮುದ್ರಿಸ್ತಾರೆ. ನಿಮ್ಮಂಗೆ ಬಾಕ್ಸ್ ಮುಚ್ಚಿಟ್ಟವರು ಸಾವಿರಾರು ಜನ, ಎಲ್ಲರೂ ಐದು ವರ್ಷ ಆದ ಮೇಲೆ ಒಟ್ಟಿಗೇ ಮಾರೋಕೆ ಬರ್ತಾರೆ. ಹಂಗಾಗಿ ತಮ್ಮಾ, ನಿನಗೆ ನನ್ನ ಮಾತು: ಬೋನಸ್‌ನಲ್ಲಿ ಲುಕಾರಿಯೊ ಡೆಕ್‌ಗೆ ಬೇಕಾದ ಸಿಂಗಲ್ಸ್ ತಗೋ, ಆಸೆಗೆ ಐದಾರು ಪ್ಯಾಕ್ ಒಡಿ, ಉಳಿದದ್ದು ಬ್ಯಾಂಕಿನಲ್ಲಿರಲಿ. ಎರಡನೇ ಬಾಕ್ಸ್ ಬ್ಯಾಡ. ಇಎಂಐ ಮೇಲಂತೂ ಬ್ಯಾಡೇ ಬ್ಯಾಡ.

ಕೊನೆಗೆ ನಕಲಿ ಕಾರ್ಡ್. ದುರ್ಗದಬೈಲ್‌ನಂಥ ಗದ್ದಲದ ಪೇಟೆಯಲ್ಲಿ ಮಕ್ಕಳ ಆಟಿಕೆ ಜೊತೆ ಥಳಥಳ ಹೊಳೆಯೋ ಪ್ಲಾಸ್ಟಿಕ್ ಚಿನ್ನದ ಕಟ್ಟು ನೋಡಿರ್ತೀರಿ. ಅಷ್ಟೂ ನಕಲಿ. ಬೂಸ್ಟರ್‌ನಿಂದ ಬರೋ ಅಸಲಿ ಚಿನ್ನದ ಬಣ್ಣದ ಕಾರ್ಡೂ ಕಾಗದದ್ದೇ. ಮಗುವಿಗೆ ಆಡೋಕೆ ಅಂತ ತಂದರೆ ತಕರಾರಿಲ್ಲ, ಅಸಲಿ ಅಂತ ತಂದರೆ ತಕರಾರಿದೆ. ಕಾಗದದ ನಕಲಿ ಹಿಡಿಯೋದು ಸ್ವಲ್ಪ ಕಷ್ಟ. ಫೋನಿನ ಟಾರ್ಚ್ ಕಾರ್ಡಿನ ಹಿಂದೆ ಹಿಡೀರಿ. ಅಸಲಿಯ ಪದರಗಳ ನಡುವೆ ಕಪ್ಪು ಪದರ ಇರೋದರಿಂದ ಬೆಳಕು ಅಷ್ಟಾಗಿ ದಾಟಲ್ಲ, ಬಹಳಷ್ಟು ನಕಲಿಗಳಲ್ಲಿ ಢಾಳಾಗಿ ಕಾಣುತ್ತೆ. ಪಕ್ಕದಲ್ಲಿ ಒಂದು ಖಾತ್ರಿಯಾದ ಸಾದಾ ಕಾರ್ಡ್ ಇಟ್ಕೊಂಡು ಹೋಲಿಸ್ರಿ, ಹಿಂಬದಿಯ ನೀಲಿ ಬಣ್ಣ, ಅಕ್ಷರದ ದಪ್ಪ ಎರಡೂ. ದುಬಾರಿ ಕಾರ್ಡಿನ ಮೇಲೆ ಬೆರಳು ಆಡಿಸಿದರೆ ಸಣ್ಣ ಗೀರು ಗೀರು ಕೈಗೆ ಹತ್ತಬೇಕು. ನುಣ್ಣಗಿದ್ದರೆ ರೊಕ್ಕ ಜೇಬಿನಲ್ಲೇ ಇಟ್ಕೊಳ್ರಿ. ಆನ್‌ಲೈನ್‌ನಲ್ಲಾದರೆ ಫೋಟೊ ನಂಬಬ್ಯಾಡ್ರಿ, ಕಾರ್ಡನ್ನ ಬೆಳಕಿನಲ್ಲಿ ಓರೆ ಮಾಡಿ ತೋರಿಸೋ ವಿಡಿಯೊ ಕೇಳ್ರಿ. ಕಳಿಸೋಕೆ ಹಿಂದೆಮುಂದೆ ನೋಡಿದ್ರೆ ಬೇರೆ ಕಡೆ ವಿಚಾರಿಸ್ರಿ.