ಎದೆಗೆ ತಂತಿಯಿಲ್ಲದ ವಿದ್ಯುತ್ತು

ನಮ್ಮ ಅಂಗಾಂಗಗಳಲ್ಲಿ ಹೃದಯದಷ್ಟು ಕವಿಗಳ ಕೈಗೆ ಒದಗಿಬಂದುದು ಬೇರೊಂದಿಲ್ಲ. ಅದು ಕರಗುತ್ತದೆ, ಒಡೆಯುತ್ತದೆ, ಕಲ್ಲಾಗುತ್ತದೆ ಎಂದು ದಿನನಿತ್ಯದ ಮಾತಿನಲ್ಲಿಯೂ ಹೇಳುತ್ತೇವೆ. ವೈದ್ಯನ ದೃಷ್ಟಿಗಾದರೋ ಅದು ಹಗಲಿರುಳೆನ್ನದೆ ದುಡಿಯುವ ಪಂಪು; ಸುಮ್ಮನೆ ಕುಳಿತ ಮನುಷ್ಯನಲ್ಲಿಯೂ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ದೂಡುತ್ತಿರುತ್ತದೆ. ಈ ಪಂಪು ಸೋತಾಗ ಬೇರೊಬ್ಬರ ಹೃದಯವನ್ನು ಕಸಿಮಾಡುವುದು ಒಂದು ಮಾರ್ಗ. ಆದರೆ ದಾನಿಗಳು ವಿರಳ, ಕಾಯುವವರು ಬಹಳ.

ಇನ್ನೊಂದು ಮಾರ್ಗವೆಂದರೆ, ಸೋತ ಹೃದಯಕ್ಕೆ ಹೆಗಲು ಕೊಡುವಂತೆ ಒಂದು ಯಂತ್ರವನ್ನು ಜೋಡಿಸುವುದು. ಎಡ ಹೃತ್ಕುಕ್ಷಿಯಿಂದ ರಕ್ತವನ್ನು ಸೆಳೆದು ಮಹಾಪಧಮನಿಗೆ ಸಾಗಿಸುವ ಪುಟ್ಟ ಪಂಪು ಅದು. ಆಸ್ಟ್ರೇಲಿಯಾದಲ್ಲಿ ತಯಾರಾದ ವೆಂಟ್ರಾಸಿಸ್ಟ್ ಎಂಬ ಇಂಥ ಪಂಪನ್ನು 2008ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಹೀಗೆ ಈ ವಿದ್ಯೆ ಕನ್ನಡನಾಡಿಗೂ ಬಂದಿತು.

ಆದರೆ ಯಂತ್ರಕ್ಕೆ ವಿದ್ಯುತ್ತು ಬೇಕಷ್ಟೆ. ಅದಕ್ಕಾಗಿ ಪಂಪಿನಿಂದ ಹೊರಟ ತಂತಿಯೊಂದು ಸಾಮಾನ್ಯವಾಗಿ ಹೊಟ್ಟೆಯ ಚರ್ಮವನ್ನು ತೂರಿ ಹೊರಬಂದು, ರೋಗಿ ಸದಾ ಹೊತ್ತು ತಿರುಗುವ ಬ್ಯಾಟರಿಗಳನ್ನು ಸೇರುತ್ತದೆ. ಹುಟ್ಟಿದ ಗಳಿಗೆಯಲ್ಲಿ ಕತ್ತರಿಸಿದ ಹೊಕ್ಕುಳಬಳ್ಳಿ ಮುಪ್ಪಿನಲ್ಲಿ ಮತ್ತೆ ಚಿಗುರಿದಂತೆ! ಆ ರಂಧ್ರ ಎಂದಿಗೂ ಪೂರ್ಣವಾಗಿ ಮಾಯುವುದಿಲ್ಲ. ತಂತಿಯ ಗುಂಟ ರೋಗಾಣುಗಳು ಒಳನುಗ್ಗಿ ಕೀವಾಗುವುದು ಈ ಚಿಕಿತ್ಸೆಯ ದೊಡ್ಡ ತೊಡಕುಗಳಲ್ಲೊಂದು. ನಮ್ಮ ರೂಪನಗುಡಿಯ ಎರೆಹೊಲದಲ್ಲಿ, ಬಳ್ಳಾರಿಯ ಬೇಸಗೆಯಲ್ಲಿ, ಬೆವರು ಧೂಳುಗಳ ನಡುವೆ ದುಡಿಯುವ ರೈತನೊಬ್ಬನಿಗೆ ಇದು ಎಂಥ ಕಷ್ಟವೆಂಬುದನ್ನು ಊಹಿಸಬಹುದು. ಕಾಲುವೆಗಿಳಿದು ಮೀಯುವ ಸುಖವೂ ಅವನಿಗಿಲ್ಲ.

ತಂತಿಯಿಲ್ಲದೆ ವಿದ್ಯುತ್ತನ್ನು ದಾಟಿಸಲಾಗದೆ? ಇದರ ಮೂಲತತ್ತ್ವವನ್ನು 1831ರಲ್ಲಿಯೇ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ. ನಮ್ಮ ರೈತರು ‘ಟಿ.ಸಿ.’ ಎಂದು ಕರೆಯುವ ಟ್ರಾನ್ಸ್‌ಫಾರ್ಮರಿನೊಳಗೆ ಎರಡು ತಂತಿಸುರುಳಿಗಳಿರುತ್ತವೆ. ಒಂದರಲ್ಲಿ ಹಿಂದುಮುಂದಾಗಿ ಹರಿಯುವ ವಿದ್ಯುತ್ತು ತನ್ನ ಸುತ್ತ ಏರಿಳಿಯುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆ ಕ್ಷೇತ್ರ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಹೃದಯದ ಪಂಪಿಗೂ ಇದೇ ಉಪಾಯ: ಒಂದು ಸುರುಳಿ ಚರ್ಮದ ಕೆಳಗೆ, ಮತ್ತೊಂದು ಅದಕ್ಕೆ ಎದುರಾಗಿ ಚರ್ಮದ ಮೇಲೆ. ಅಮೆರಿಕದ ಜಾನ್ ಶೂಡರ್ ಮತ್ತು ಸಂಗಡಿಗರು ಮುಚ್ಚಿದ ಎದೆಗೂಡಿನ ಮೂಲಕ ಹೀಗೆ ಶಕ್ತಿಯನ್ನು ಸಾಗಿಸುವ ವಿಧಾನವನ್ನು 1961ರಷ್ಟು ಹಿಂದೆಯೇ ವಿವರಿಸಿದ್ದರು.

ಹಾಗಿದ್ದೂ ತಡವೇಕೆ? ಟಿ.ಸಿ.ಯಲ್ಲಿ ಸುರುಳಿಗಳನ್ನು ಬೆಸೆಯುವುದಕ್ಕೆ ಕಬ್ಬಿಣದ ತಿರುಳುಂಟು, ಅವು ಅಲುಗಾಡುವುದಿಲ್ಲ. ಮನುಷ್ಯನಾದರೋ ಉಸಿರಾಡುತ್ತಾನೆ, ಬಾಗುತ್ತಾನೆ, ನಿದ್ದೆಯಲ್ಲಿ ಮಗ್ಗುಲಾಗುತ್ತಾನೆ. ಸುರುಳಿ ಸ್ವಲ್ಪ ಸರಿದರೂ ಹರಿವು ಕುಗ್ಗುತ್ತದೆ. ದಾರಿಯಲ್ಲಿ ನಷ್ಟವಾದ ಶಕ್ತಿ ಶಾಖವಾಗಿ ಮಾಂಸವನ್ನು ಕಾಯಿಸುತ್ತದೆ. ಇಂದಿನ ಪಂಪಿಗೆ ಬೇಕಾದುದು ಕೆಲವೇ ವಾಟುಗಳು, ಚಿಕ್ಕ ಎಲ್‌ಇಡಿ ದೀಪಕ್ಕೆ ಬೇಕಾಗುವಷ್ಟು. ಆದರೆ ದೀಪ ಆರಿದರೆ ಕತ್ತಲೆ ಮಾತ್ರ. ಇಲ್ಲಿ ಆರುವುದು ಪ್ರಾಣ. ಆದಕಾರಣ ದೇಹದೊಳಗೂ ಒಂದು ಬ್ಯಾಟರಿ ಅನಿವಾರ್ಯ.

2001ರ ಜುಲೈ 2ರಂದು ಅಮೆರಿಕದ ಲೂಯಿವಿಲ್ ನಗರದಲ್ಲಿ ರಾಬರ್ಟ್ ಟೂಲ್ಸ್ ಎಂಬವರಿಗೆ ಅಬಿಯೊಕಾರ್ ಎಂಬ ಕೃತಕ ಹೃದಯವನ್ನು ಇಡಲಾಯಿತು. ಅದು ಸಹಾಯಕ ಪಂಪಲ್ಲ, ಹೃದಯದ ಸ್ಥಾನವನ್ನೇ ತುಂಬಿದ ಯಂತ್ರ. ಚರ್ಮವನ್ನು ತೂರುವ ತಂತಿ ಅದಕ್ಕಿರಲಿಲ್ಲ. ಒಳಗಿನ ಬ್ಯಾಟರಿ ಸುಮಾರು ಅರ್ಧ ಗಂಟೆ ಮಾತ್ರ ಬಾಳುತ್ತಿತ್ತು. ಟೂಲ್ಸ್ 151 ದಿನ ಬದುಕಿದರು. 2018ರ ಡಿಸೆಂಬರಿನಲ್ಲಿ ಕಜಕಸ್ತಾನದ ಅಸ್ತಾನಾದಲ್ಲಿ, ಇಸ್ರೇಲಿನ ಲೆವಿಟಿಕಸ್ ಸಂಸ್ಥೆಯ ಉಪಕರಣವನ್ನು ಜಾರ್ವಿಕ್ 2000 ಎಂಬ ಸಹಾಯಕ ಪಂಪಿಗೆ ಜೋಡಿಸಿ, ಇಬ್ಬರು ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಎದೆಯ ಸುತ್ತ ಕಟ್ಟುವ ಪಟ್ಟಿಯಿಂದ ಒಳಗಿನ ಸುರುಳಿಗೆ ಶಕ್ತಿ ಹರಿಯುತ್ತಿತ್ತು. ಒಳಬ್ಯಾಟರಿ ತುಂಬಿದ ಮೇಲೆ ಪಟ್ಟಿಯನ್ನು ಕೆಲವು ಗಂಟೆ ಕಳಚಿಡಬಹುದಾಗಿತ್ತು. ಈ ವಿಧಾನ ಇನ್ನೂ ಸಾಮಾನ್ಯ ಚಿಕಿತ್ಸೆಯಾಗಿಲ್ಲ.

ಆ ಕೆಲವು ಗಂಟೆಗಳ ಬೆಲೆ ರೋಗಿಗೇ ಗೊತ್ತು: ಮೈತುಂಬ ನೀರು ಸುರಿದುಕೊಳ್ಳುವುದು, ಮೊಮ್ಮಗುವನ್ನು ಅಂಜಿಕೆಯಿಲ್ಲದೆ ಎತ್ತಿಕೊಳ್ಳುವುದು. ಆದರೆ ತಂತಿ ಹೋದ ಮಾತ್ರಕ್ಕೆ ವಿದ್ಯುತ್ತಿನ ಹಂಗು ಹೋಗದೆಂಬುದನ್ನು ನಾವು ಮರೆಯಬಾರದು. ಪಟ್ಟಿಯ ಬ್ಯಾಟರಿಯನ್ನು ದಿನದಿನವೂ ಮನೆಯಲ್ಲಿಯೇ ತುಂಬಬೇಕು. ಬೆಂಗಳೂರಿನ ಶಸ್ತ್ರವೈದ್ಯನ ಕೈಚಳಕದಷ್ಟೇ ಹಳ್ಳಿಯ ಕಂಬದ ಮೇಲಿನ ವಿದ್ಯುತ್ತಿಗೂ ಆ ಜೀವ ಋಣಿಯಾಗಿರುತ್ತದೆ. ಗಾಳಿಮಳೆಗೆ ತಂತಿ ಹರಿದು ಊರೆಲ್ಲ ಕತ್ತಲಾದ ರಾತ್ರಿ ಆ ಮನೆಯವರು ಎಷ್ಟು ಹೊತ್ತು ಧೈರ್ಯವಾಗಿರಬಲ್ಲರೆಂಬುದನ್ನೂ ಈ ವಿದ್ಯೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.