ವಿಶ್ವಾಸವೂ ಸ್ವಾತಂತ್ರ್ಯವೂ

ಸ್ವಾತಂತ್ರ್ಯವೆಂಬ ಶಬ್ದವನ್ನು ನಾವು ಸಾಮಾನ್ಯವಾಗಿ ಬಿಡುಗಡೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಪರರ ಆಳ್ವಿಕೆ ತೊಲಗಿತು ಎಂಬಲ್ಲಿಗೆ ಆ ಅರ್ಥ ಮುಗಿಯುತ್ತದೆ. ಕ್ರೈಸ್ತರ ಸತ್ಯವೇದದಲ್ಲಿ ಈ ಶಬ್ದದ ಹರಹು ಇನ್ನೂ ದೊಡ್ಡದು. ಐಗುಪ್ತದ ಫರೋಹನ ದಾಸ್ಯದಿಂದ ಇಸ್ರಾಯೇಲ್ಯರನ್ನು ಮೋಶೆ ಹೊರತಂದ ಕಥೆ ಸಮುದ್ರವನ್ನು ದಾಟಿದಲ್ಲಿಗೆ ನಿಲ್ಲುವುದಿಲ್ಲ. ಸೀನಾಯಿ ಬೆಟ್ಟದ ಬುಡದಲ್ಲಿ ಆ ಜನ ಒಂದು ಧರ್ಮಶಾಸನಕ್ಕೆ ತಲೆಬಾಗುವವರೆಗೂ ಸಾಗುತ್ತದೆ. ಸಂತ ಪೌಲನು ಗಲಾತ್ಯದ ಸಭೆಗಳಿಗೆ ಬರೆದ ಪತ್ರದ ತಿರುಳೂ ಇದೇ: ಬಿಡುಗಡೆ ಹೊಂದಿದವನು ಅದನ್ನು ಸ್ವಾರ್ಥಕ್ಕೆ ನೆವಮಾಡಿಕೊಳ್ಳದೆ ನೆರೆಯವನ ಸೇವೆಯಲ್ಲಿ ತೊಡಗಿಸಬೇಕು. ಯಾವುದರಿಂದ ಬಿಡುಗಡೆ ಎಂಬ ಪ್ರಶ್ನೆಯ ಬೆನ್ನಿಗೇ ಯಾವುದಕ್ಕಾಗಿ ಬಿಡುಗಡೆ ಎಂಬ ಪ್ರಶ್ನೆಯೂ ಏಳುತ್ತದೆ. ಈ ಎರಡನೆಯ ಪ್ರಶ್ನೆಯನ್ನು ನಮ್ಮ ದೇಶದ ಕ್ರೈಸ್ತರು ಹೇಗೆ ಎದುರಿಸಿದರೆಂಬುದು ನಾವು ಅಷ್ಟಾಗಿ ನೆನೆಯದಿರುವ ಅಧ್ಯಾಯ.

ಅವರ ಸ್ಥಿತಿ ಇಕ್ಕಟ್ಟಿನದಾಗಿತ್ತು. ಕೇರಳದ ಸಿರಿಯನ್ ಕ್ರೈಸ್ತರು ಬ್ರಿಟಿಷರಿಗಿಂತ ಎಷ್ಟೋ ಶತಮಾನಗಳ ಹಿಂದಿನವರು. ಆದರೂ ಆಳುವವರ ಧರ್ಮವೇ ಇವರ ಧರ್ಮವೆಂಬ ಕಾರಣಕ್ಕೆ ಇವರ ದೇಶಭಕ್ತಿ ಸಂಶಯಕ್ಕೆ ಈಡಾಗುತ್ತಿತ್ತು. ಆ ಸಂಶಯಕ್ಕೆ ಬದುಕಿನಿಂದಲೇ ಉತ್ತರ ಕೊಟ್ಟವರುಂಟು. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿ, ಕಾವಿಯುಟ್ಟು ಸಂನ್ಯಾಸಿಯಂತೆ ಬಾಳಿದವರು. ‘ಸಂಧ್ಯಾ’ ಪತ್ರಿಕೆಯ ಬರಹಗಳಿಗಾಗಿ ೧೯೦೭ರಲ್ಲಿ ರಾಜದ್ರೋಹದ ಆಪಾದನೆಗೆ ಗುರಿಯಾದ ಅವರು, ಪರಕೀಯ ನ್ಯಾಯಾಲಯಕ್ಕೆ ತಾವು ಹೊಣೆಗಾರರಲ್ಲವೆಂದು ಸಾರಿ, ವಿಚಾರಣೆ ಮುಗಿಯುವ ಮೊದಲೇ ಆಸ್ಪತ್ರೆಯಲ್ಲಿ ತೀರಿಕೊಂಡರು.

ಒಬ್ಬ ವ್ಯಕ್ತಿಯ ತ್ಯಾಗಕ್ಕಿಂತ ಒಂದು ಸಮುದಾಯದ ನಿರ್ಧಾರ ಕಷ್ಟತರವಾದದ್ದು. ೧೯೦೯ರ ಸುಧಾರಣೆಗಳು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟವು. ೧೯೩೨ರ ಕೋಮುವಾರು ತೀರ್ಪಿನಲ್ಲಿ ಭಾರತೀಯ ಕ್ರೈಸ್ತರಿಗೂ ಅಂಥ ಸ್ಥಾನಗಳು ದೊರೆತವು. ಕ್ರೈಸ್ತ ಪ್ರತಿನಿಧಿಯನ್ನು ಕ್ರೈಸ್ತ ಮತದಾರರೇ ಆರಿಸುವುದು ಇದರ ಕ್ರಮ. ಮೇಲುನೋಟಕ್ಕೆ ಇದು ರಕ್ಷಣೆ. ಆದರೆ ಅಭ್ಯರ್ಥಿಯು ಅನ್ಯಮತೀಯರ ಬಾಗಿಲಿಗೆ ಹೋಗಬೇಕಾಗಿಲ್ಲ. ಅನ್ಯಮತೀಯ ಅಭ್ಯರ್ಥಿಯೂ ಕ್ರೈಸ್ತರ ಬಾಗಿಲಿಗೆ ಬರಬೇಕಾಗಿಲ್ಲ. ಕಾಪಾಡಲೆಂದು ಕಟ್ಟಿದ ಗೋಡೆಯೇ ಸೆರೆಯ ಗೋಡೆಯೂ ಆಗುತ್ತದೆ. ಸೇಲಂನಲ್ಲಿ ಹುಟ್ಟಿದ ಕೆ. ಟಿ. ಪಾಲ್ ಅವರು ಇದನ್ನು ಮೊದಲೇ ಕಂಡು ವಿರೋಧಿಸಿದ್ದರು. ಆದರೆ ಎಲ್ಲರ ಅಭಿಪ್ರಾಯವೂ ಒಂದೇ ಆಗಿರಲಿಲ್ಲ. ೧೯೩೧ರ ದುಂಡುಮೇಜಿನ ಪರಿಷತ್ತಿನಲ್ಲಿ ಎಸ್. ಕೆ. ದತ್ತ ಅವರು ಪ್ರತ್ಯೇಕತೆಯನ್ನು ಒಪ್ಪಲಿಲ್ಲ. ಪನ್ನೀರ್‌ಸೆಲ್ವಂ ಅವರು ಅದನ್ನು ಕೇಳುವ ಅಲ್ಪಸಂಖ್ಯಾತರ ಒಡಂಬಡಿಕೆಗೆ ಸಹಿ ಹಾಕಿದರು. ಸಣ್ಣ ಸಮುದಾಯದ ಭಯವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಈ ಪ್ರಶ್ನೆ ಇತ್ಯರ್ಥವಾದದ್ದು ಸಂವಿಧಾನ ಸಭೆಯಲ್ಲಿ. ೧೯೪೭ರ ಆಗಸ್ಟ್ ತಿಂಗಳಲ್ಲಿ ಪ್ರತ್ಯೇಕ ಮತಕ್ಷೇತ್ರಗಳು ರದ್ದಾದವು. ಮೀಸಲು ಸ್ಥಾನಗಳು ಮಾತ್ರ ಉಳಿದವು. ೧೯೪೮ರ ಡಿಸೆಂಬರ್‌ನಲ್ಲಿ ಧರ್ಮವನ್ನು ಪ್ರಚಾರಮಾಡುವ ಹಕ್ಕಿನ ವಿಷಯವಾಗಿ ತೀವ್ರವಾದ ಚರ್ಚೆ ನಡೆಯಿತು. ಲೋಕನಾಥ ಮಿಶ್ರರು ಆ ಮಾತನ್ನು ವಿರೋಧಿಸಿದರು. ಅದರ ಪರವಾಗಿ ನಿಂತವರಲ್ಲಿ ಕೆ. ಎಂ. ಮುನ್ಷಿ, ಟಿ. ಟಿ. ಕೃಷ್ಣಮಾಚಾರಿ ಮೊದಲಾದ ಹಿಂದೂಗಳಿದ್ದರು. ತಾವು ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಬಹುಕಾಲ ಓದಿದ್ದರೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲವೆಂದು ಕೃಷ್ಣಮಾಚಾರಿಯವರು ಸಾಕ್ಷ್ಯ ನುಡಿದರು. ಆ ಮಾತು ಉಳಿಯಿತು. ಇಂದು ಅದು ಸಂವಿಧಾನದ ೨೫ನೆಯ ಅನುಚ್ಛೇದದಲ್ಲಿದೆ.

ಮರುವರ್ಷ, ೧೯೪೯ರ ಮೇ ತಿಂಗಳಲ್ಲಿ, ಸಂವಿಧಾನ ಸಭೆಯ ಉಪಾಧ್ಯಕ್ಷರೂ ಬಂಗಾಳಿ ಕ್ರೈಸ್ತರೂ ಆದ ಹರೇಂದ್ರ ಕುಮಾರ ಮುಖರ್ಜಿಯವರು ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿಯ ಮುಂದೆ ಒಂದು ನಿರ್ಣಯವನ್ನಿಟ್ಟರು: ಶಾಸನಸಭೆಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನಗಳು ಬೇಡ. ಅದೇ ತಿಂಗಳು ಸಭೆ ಅದನ್ನು ಅಂಗೀಕರಿಸಿತು. ಮಂಗಳೂರಿನಲ್ಲಿ ಹುಟ್ಟಿ ಮದರಾಸಿನಿಂದ ಆರಿಸಿ ಬಂದಿದ್ದ ಜೆಸ್ವಿಟ್ ಗುರು ಜೆರೋಮ್ ಡಿಸೋಜ ಅವರೂ ಆ ಸಭೆಯ ಸದಸ್ಯರು. ಕನ್ನಡದಲ್ಲಿ ‘ವಿಶ್ವಾಸ’ ಎಂಬ ಒಂದೇ ಮಾತು ದೇವರ ಮೇಲಣ ಶ್ರದ್ಧೆಗೂ ನೆರೆಯವನ ಮೇಲಣ ನಂಬುಗೆಗೂ ಸಲ್ಲುತ್ತದೆ. ಸ್ಥಾನಗಳನ್ನು ಬಿಟ್ಟುಕೊಟ್ಟು ಅಂತಃಕರಣದ ಸ್ವಾತಂತ್ರ್ಯವನ್ನು ಉಳಿಸಿಕೊಂಡ ಆ ನಿರ್ಧಾರದಲ್ಲಿ ಎರಡೂ ಅರ್ಥಗಳು ಕೂಡಿವೆ.

ಆದರೆ ಲೆಕ್ಕ ಇಲ್ಲಿಗೆ ಸರಿಹೋಗಲಿಲ್ಲ. ೧೯೫೦ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಗಳ ಸವಲತ್ತನ್ನು ಪ್ರಧಾನವಾಗಿ ಹಿಂದೂಗಳಿಗೆ ಸೀಮಿತಗೊಳಿಸಿತು. ೧೯೫೬ರಲ್ಲಿ ಸಿಖ್ಖರಿಗೆ, ೧೯೯೦ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ವಿಸ್ತರಿಸಲಿಲ್ಲ. ಧರ್ಮ ಬದಲಾದರೆ ಅಸ್ಪೃಶ್ಯತೆ ಅಳಿಯುತ್ತದೆಂಬುದು ಊರಿನ ಅನುಭವವಲ್ಲ. ಇಗರ್ಜಿಯ ಒಳಗಿನ ಅನುಭವವೂ ಅಲ್ಲ. ಮೀಸಲು ಸ್ಥಾನಗಳನ್ನು ಬಿಟ್ಟುಕೊಟ್ಟವರು ಬಹುಮಟ್ಟಿಗೆ ವಿದ್ಯಾವಂತರು. ಈ ಆದೇಶದ ಭಾರವನ್ನು ಹೊತ್ತವರು ಅವರಲ್ಲ, ಅದೇ ಸಭೆಯ ಬಡವರು. ಪೌಲನ ಮಾತಿನಂತೆ ಬಿಡುಗಡೆ ಇರುವುದು ನೆರೆಯವನಿಗಾಗಿ ಎನ್ನುವುದಾದರೆ, ಆ ಪ್ರಶ್ನೆ ದೇಶಕ್ಕೂ ಕ್ರೈಸ್ತ ಸಭೆಗೂ ಒಟ್ಟಿಗೇ ಕೇಳಿದ ಪ್ರಶ್ನೆ. ೧೯೪೯ರಲ್ಲಿ ಒಂದು ಸಣ್ಣ ಸಮುದಾಯ ತನ್ನ ನೆರೆಯವರನ್ನು ನಂಬಿತು. ನಂಬಿದವರ ಕರ್ತವ್ಯ ಅಂದಿಗೇ ಮುಗಿಯಿತು. ನಂಬಿಸಿಕೊಂಡವರದು ಇನ್ನೂ ಉಳಿದಿದೆ.