ಮೊದಲು ನಕಲು, ಅನಂತರ ದುರಸ್ತಿ

ಕಂಪ್ಯೂಟರ್ ಆರಂಭವಾಗದೆ ನಿಂತುಹೋದಾಗ ಅದರೊಳಗಿನ ದಾಖಲೆಗಳೂ ಹೋದವೆಂದು ಹೆಚ್ಚಿನವರು ಎದೆಗುಂದುತ್ತಾರೆ. ಆದರೆ ಯಂತ್ರವನ್ನು ಚಾಲನೆಗೊಳಿಸುವ ಭಾಗಗಳು ಬೇರೆ, ದಾಖಲೆಗಳು ಉಳಿದಿರುವ ಭಾಗ ಬೇರೆ. ಮೊದಲನೆಯವು ಕೆಟ್ಟಾಗಲೂ ಎರಡನೆಯದು ಅನೇಕ ಸಲ ಹಾನಿಯಿಲ್ಲದೆ ಉಳಿದಿರುತ್ತದೆ, ಮತ್ತು ಅದು ನಿಜವಾಗಿ ನಾಶವಾಗುವುದು ಬೇಗ ಸರಿಯಾಗಲಿ ಎಂಬ ಅವಸರದಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದ ಗಳಿಗೆಯಲ್ಲಿ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿರುವ, ಹೋಬಳಿ ಕೇಂದ್ರವಾಗಿದ್ದು ಈಗ ತಾಲ್ಲೂಕು ಕೇಂದ್ರವಾಗಿರುವ ಮಂಚೇನಹಳ್ಳಿಯಂಥ ಊರುಗಳಲ್ಲಿ ಈ ತಿಳಿವಳಿಕೆಯ ಅಗತ್ಯ ಹೆಚ್ಚು. ಗೊಬ್ಬರದಂಗಡಿಯ ಸಾಲದ ಲೆಕ್ಕ, ಹಾಲಿನ ಡೇರಿಯ ಬಟವಾಡೆ ಪಟ್ಟಿ, ಸ್ಟುಡಿಯೋದ ಮದುವೆ ಫೋಟೋಗಳು, ಜೆರಾಕ್ಸ್ ಅಂಗಡಿಯಲ್ಲಿ ಡಿಟಿಪಿ ಮಾಡಿಟ್ಟ ಪತ್ರಗಳು ಇಂಥ ಕಡೆ ಸಾಮಾನ್ಯವಾಗಿ ಒಂದೇ ಕಂಪ್ಯೂಟರಿನ ಒಂದೇ ಡಿಸ್ಕಿನಲ್ಲಿ ಸೇರಿಕೊಂಡಿರುತ್ತವೆ.

ಯಂತ್ರ ನಿಂತರೂ ದಾಖಲೆ ಉಳಿದಿರುತ್ತದೆ ಎಂಬುದಕ್ಕೆ ಜಗತ್ತು ಕಂಡ ಬಹುದೊಡ್ಡ ಉದಾಹರಣೆ 2024ರ ಜುಲೈ 19ರದು. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆ ತನ್ನ ಭದ್ರತಾ ತಂತ್ರಾಂಶಕ್ಕೆ ಕಳುಹಿಸಿದ ಒಂದು ದೋಷಪೂರಿತ ಕಡತದಿಂದಾಗಿ, ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆ ತೋರಿಸಿ ನಿಂತವು ಇಲ್ಲವೇ ಮತ್ತೆ ಮತ್ತೆ ತಾವಾಗಿಯೇ ಮರುಚಾಲನೆಗೊಂಡವು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಕೆಲವು ವಿಮಾನ ಸಂಸ್ಥೆಗಳ ಚೆಕ್-ಇನ್ ಕೆಲಸವನ್ನು ಕೈಯಿಂದಲೇ ನಡೆಸಬೇಕಾಯಿತು. ಆ ಯಂತ್ರಗಳ ಡಿಸ್ಕುಗಳಿಗೆ ಯಾವ ಪೆಟ್ಟೂ ಬಿದ್ದಿರಲಿಲ್ಲ. ಅತ್ಯಗತ್ಯ ಭಾಗಗಳನ್ನು ಮಾತ್ರ ಚಾಲನೆಗೆ ತರುವ ಸೇಫ್ ಮೋಡ್ ಎಂಬ ಸ್ಥಿತಿಯಲ್ಲಿ ಯಂತ್ರವನ್ನು ತೆರೆದು ಆ ಒಂದು ಕಡತವನ್ನು ಅಳಿಸಿದರೆ ಎಲ್ಲವೂ ಮೊದಲಿನಂತಾಗುತ್ತಿತ್ತು. ಗಾಬರಿಯಿಂದ ಫಾರ್ಮ್ಯಾಟ್ ಮಾಡಿದ್ದವರಾರಾದರೂ ಇದ್ದಿದ್ದರೆ, ಅವರ ನಷ್ಟಕ್ಕೆ ಆ ಕಡತ ಕಾರಣವಾಗುತ್ತಿರಲಿಲ್ಲ.

ಎಲ್ಲಿ ಕೆಟ್ಟಿದೆ ಎಂಬುದನ್ನು ತಿಳಿಯಬೇಕಾದರೆ ಗುಂಡಿ ಒತ್ತಿದ ಮೇಲೆ ಒಳಗೆ ನಡೆಯುವ ಕ್ರಮವನ್ನು ಅರಿತಿರಬೇಕು. ಮೊದಲಿಗೆ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯು ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸಿ ಮದರ್‌ಬೋರ್ಡಿಗೆ ಕೊಡುತ್ತದೆ. ಅದು ಸ್ಥಿರವಾದ ಮೇಲೆ ಪ್ರೊಸೆಸರ್ ಎಚ್ಚೆತ್ತು, ಮದರ್‌ಬೋರ್ಡಿನ ಚಿಪ್ ಒಂದರಲ್ಲಿ ಶಾಶ್ವತವಾಗಿ ಬರೆದಿಟ್ಟಿರುವ ಪುಟ್ಟ ತಂತ್ರಾಂಶವನ್ನು ಓದುತ್ತದೆ. ಹಿಂದೆ ಬಯಾಸ್ ಎಂದೂ ಈಚಿನ ಯಂತ್ರಗಳಲ್ಲಿ ಯುಇಎಫ್‌ಐ ಎಂದೂ ಕರೆಯಲಾಗುವ ಈ ತಂತ್ರಾಂಶವು ತಾತ್ಕಾಲಿಕ ಸ್ಮರಣೆಯಾದ ರ್‍ಯಾಮ್, ಕೀಬೋರ್ಡ್, ಡಿಸ್ಕ್ ಮೊದಲಾದವು ಇವೆಯೇ ಎಂದು ಪರೀಕ್ಷಿಸಿ, ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕನ್ನು ಹುಡುಕಿ, ಅದರ ಆರಂಭಭಾಗವನ್ನು ರ್‍ಯಾಮಿಗೆ ತಂದು, ಮುಂದಿನ ಅಧಿಕಾರವನ್ನು ವಿಂಡೋಸ್‌ಗೋ ಲಿನಕ್ಸ್‌ಗೋ ವಹಿಸುತ್ತದೆ. ಯಂತ್ರ ಈ ಸರಣಿಯ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಕಣ್ಣು ಕಿವಿಗಳಿಂದಲೇ ಬಹುಮಟ್ಟಿಗೆ ಗುರುತಿಸಬಹುದು.

ಫ್ಯಾನ್ ತಿರುಗದೆ, ದೀಪವೂ ಹತ್ತದೆ ಇದ್ದರೆ ತೊಂದರೆ ವಿದ್ಯುತ್ತಿನದು; ಪ್ಲಗ್, ವೈರ್, ಯುಪಿಎಸ್, ಎಸ್‌ಎಂಪಿಎಸ್ ಇವನ್ನೇ ಮೊದಲು ನೋಡಬೇಕು. ಫ್ಯಾನ್ ತಿರುಗಿಯೂ ತೆರೆ ಕಪ್ಪಾಗಿಯೇ ಉಳಿದು ಯಂತ್ರ ಬೀಪ್ ಎಂದು ಸದ್ದು ಮಾಡಿದರೆ ಹೆಚ್ಚಾಗಿ ರ್‍ಯಾಮಿನ ಸಂಪರ್ಕ ಸಡಿಲವಾಗಿರುತ್ತದೆ, ಇಲ್ಲವೇ ಅದರ ಲೋಹದ ಅಂಚಿಗೆ ಧೂಳು ಮತ್ತು ಕಿಲುಬು ಹತ್ತಿರುತ್ತದೆ. ವಿದ್ಯುತ್ ಸಂಪರ್ಕವನ್ನು ಪೂರ್ತಿ ಕಿತ್ತು, ರ್‍ಯಾಮನ್ನು ತೆಗೆದು ಒರೆಸಿ ಮತ್ತೆ ಕೂರಿಸಿದರೆ ಅನೇಕ ಯಂತ್ರಗಳು ಎದ್ದುಬಿಡುತ್ತವೆ. ತಯಾರಕರ ಲಾಂಛನ ಕಾಣಿಸಿಕೊಂಡು, ಅನಂತರ ಬೂಟ್ ಡಿವೈಸ್ ಸಿಗಲಿಲ್ಲವೆಂಬ ಸಂದೇಶ ಬಂದರೆ ಡಿಸ್ಕ್ ಸತ್ತಿತೆಂದು ತೀರ್ಮಾನಿಸಬೇಕಾಗಿಲ್ಲ. ಯಾರೋ ಪೆನ್‌ಡ್ರೈವ್ ಹಾಕಿ ಮರೆತಿದ್ದರೂ, ಡಿಸ್ಕಿನ ಕೇಬಲ್ ಸಡಿಲಗೊಂಡಿದ್ದರೂ ಇದೇ ಸಂದೇಶ ಬರುತ್ತದೆ. ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ ತೀರಿಹೋದಾಗಲೂ ಡಿಸ್ಕ್ ಹುಡುಕುವ ಕ್ರಮ ಅದಲುಬದಲಾಗಿ ಹೀಗಾಗುವುದುಂಟು. ಪ್ರತಿ ಸಲವೂ ಗಡಿಯಾರ ಹಳೆಯ ವರ್ಷವೊಂದನ್ನು ತೋರಿಸುತ್ತಿದ್ದರೆ ಅದು ಈ ಸೆಲ್ ಮುಗಿದಿರುವುದರ ಸುಳಿವು. ವಿಂಡೋಸ್ ಚಿಹ್ನೆ ಬಂದು ಚುಕ್ಕಿಗಳು ಸುತ್ತುತ್ತ ಉಳಿದರೆ ಅಲ್ಲಿಯವರೆಗಿನ ಯಂತ್ರಭಾಗಗಳು ಬಹುತೇಕ ಸರಿಯಾಗಿವೆ ಎಂದರ್ಥ. ಸತತವಾಗಿ ಕೆಲವು ಸಲ ಹೀಗೆ ವಿಫಲವಾದಾಗ ವಿಂಡೋಸ್ ತಾನೇ ದುರಸ್ತಿಯ ತೆರೆಯನ್ನು ತೋರಿಸುತ್ತದೆ, ಅಲ್ಲಿಂದ ಸೇಫ್ ಮೋಡಿಗೂ ಹೋಗಬಹುದು.

ಮಂಚೇನಹಳ್ಳಿ ಇರುವ ಬಯಲುಸೀಮೆಯ ಈ ಭಾಗದಲ್ಲಿ ವಿದ್ಯುತ್ತು ಮತ್ತು ಧೂಳು ಎರಡನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಆಳವಾದ ಕೊಳವೆಬಾವಿಗಳ ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ ಕುಸಿಯುತ್ತದೆ, ಕರೆಂಟು ಹೋಗಿ ಬರುವ ಗಳಿಗೆಯಲ್ಲಿ ಏರಿಳಿತ ತೀವ್ರವಾಗುತ್ತದೆ, ಕಲ್ಲು ಕ್ರಷರ್‌ಗಳ ಆಸುಪಾಸಿನ ನುಣುಪು ಧೂಳು ಫ್ಯಾನಿನಲ್ಲಿ ಕೂತು ಒಳಗಿನ ಬಿಸಿ ಹೊರಹೋಗದಂತೆ ಮಾಡುತ್ತದೆ. ಇವುಗಳಲ್ಲಿ ದಾಖಲೆಗಳಿಗೆ ಹೆಚ್ಚು ಅಪಾಯ ತರುವುದು ಬರವಣಿಗೆಯ ನಡುವೆ ಕರೆಂಟು ಹೋಗುವುದು: ಕಡತದ ಅರ್ಧಭಾಗ ಡಿಸ್ಕಿಗೆ ಸೇರಿ ಉಳಿದರ್ಧ ರ್‍ಯಾಮಿನಲ್ಲಿಯೇ ಅಳಿದುಹೋದರೆ ಕಡತಗಳ ಸೂಚಿಯೇ ಅಸ್ತವ್ಯಸ್ತವಾಗಬಹುದು. ಆದ್ದರಿಂದ ಯುಪಿಎಸ್ ಇರುವುದು ಕರೆಂಟು ಇಲ್ಲದಾಗಲೂ ಕೆಲಸ ಮುಂದುವರಿಸುವುದಕ್ಕಿಂತ ಹೆಚ್ಚಾಗಿ, ಯಂತ್ರವನ್ನು ಕ್ರಮವಾಗಿ ಮುಚ್ಚಲು ಬೇಕಾದ ಕೆಲವು ನಿಮಿಷಗಳಿಗಾಗಿ. ಬ್ಯಾಟರಿ ಹಳತಾಗಿ ಆ ನಿಮಿಷಗಳೂ ಸಿಗದಂತಾದರೆ ಯುಪಿಎಸ್ ಇದ್ದೂ ಇಲ್ಲದಂತೆಯೇ.

ಡಿಸ್ಕೇ ಕೆಟ್ಟಿರುವ ಪ್ರಸಂಗ ಬೇರೆ ಬಗೆಯದು, ಅಲ್ಲಿ ತಾಳ್ಮೆಗೆ ಇರುವಷ್ಟು ಬೆಲೆ ಬೇರೆ ಯಾವುದಕ್ಕೂ ಇಲ್ಲ. ಹಳೆಯ ಬಗೆಯ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳ ಮೇಲೆ, ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ ಓದುವ ಮುಳ್ಳು ತೇಲುತ್ತಿರುತ್ತದೆ. ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಆ ಮುಳ್ಳು ತನ್ನ ಸ್ಥಾನವನ್ನು ಕಂಡುಕೊಳ್ಳಲಾಗದೆ ಒದ್ದಾಡುತ್ತಿದೆ ಎಂದು ತಿಳಿದು, ಯಂತ್ರವನ್ನು ಕೂಡಲೇ ಆರಿಸಬೇಕು. ಅಂಥ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್‌ನಂಥ ಸರಿಪಡಿಸುವ ತಂತ್ರಾಂಶವನ್ನು ಓಡಿಸುವುದು ಅಪಾಯಕರ, ಏಕೆಂದರೆ ಅದು ಓದುವುದಷ್ಟಕ್ಕೇ ನಿಲ್ಲದೆ ಸೂಚಿಯನ್ನು ತಿದ್ದಿ ಬರೆಯುತ್ತದೆ, ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ. ಸರಿಯಾದ ದಾರಿಯೆಂದರೆ ಡಿಸ್ಕನ್ನು ಕಳಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಇಲ್ಲವೇ ಪೆನ್‌ಡ್ರೈವಿನಿಂದಲೇ ಚಾಲನೆಗೊಳ್ಳುವ ಲಿನಕ್ಸ್ ಬಳಸಿ, ಮೊದಲು ಅತಿ ಮುಖ್ಯವಾದ ಕಡತಗಳನ್ನು ಇನ್ನೊಂದು ಡಿಸ್ಕಿಗೆ ಎತ್ತಿಕೊಳ್ಳುವುದು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಈ ತತ್ವದ ಮೇಲೆಯೇ ರೂಪುಗೊಂಡಿದೆ: ಅದು ಓದಲಾಗದ ಜಾಗದ ಮೇಲೆ ಹಟ ಹಿಡಿದು ಕೂರದೆ, ಅದನ್ನು ದಾಟಿ ಮುಂದೆ ಹೋಗಿ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ನಕಲು ಮಾಡಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಎಸ್‌ಎಸ್‌ಡಿಗಳಲ್ಲಿ ತಿರುಗುವ ತಟ್ಟೆಯಿಲ್ಲ, ಸದ್ದೂ ಇಲ್ಲ. ಅವು ಯಾವ ಮುನ್ಸೂಚನೆಯನ್ನೂ ಕೊಡದೆ ನಿಂತುಹೋಗುವುದುಂಟು, ಅಳಿಸಿದ ಕಡತಗಳನ್ನು ಅವುಗಳಿಂದ ಮರಳಿ ಪಡೆಯುವುದೂ ಬಹಳ ಕಷ್ಟ. ಹೀಗಾಗಿ ಎಸ್‌ಎಸ್‌ಡಿ ಬಂದ ಮೇಲೆ ಬ್ಯಾಕಪ್ಪಿನ, ಎಂದರೆ ಬೇರೆಡೆ ಇಟ್ಟ ಪ್ರತಿಯ, ಅಗತ್ಯ ಹೆಚ್ಚಿದೆ.

ವಿಂಡೋಸನ್ನು ಮತ್ತೆ ಹಾಕಬಹುದು, ತಂತ್ರಾಂಶಗಳನ್ನು ಮತ್ತೆ ಪಡೆಯಬಹುದು, ಯಂತ್ರವನ್ನೇ ಹೊಸದಾಗಿ ಕೊಳ್ಳಬಹುದು. ಮರಳಿ ದೊರೆಯದಿರುವುದು ದಾಖಲೆ ಮಾತ್ರ. ಇದನ್ನು ಗೌರಿಬಿದನೂರಿನಲ್ಲಿರುವ ಎರಡು ವಿಜ್ಞಾನ ಕೇಂದ್ರಗಳು ಸ್ಪಷ್ಟವಾಗಿ ತೋರಿಸುತ್ತವೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರವು 1960ರ ದಶಕದಲ್ಲಿ ಇಲ್ಲಿ ಸ್ಥಾಪಿಸಿದ ಭೂಕಂಪಮಾಪಕಗಳ ಜಾಲವು ದೂರದೇಶಗಳ ಭೂಕಂಪಗಳನ್ನೂ ಭೂಗರ್ಭ ಪರಮಾಣು ಸ್ಫೋಟಗಳನ್ನೂ ದಾಖಲಿಸುತ್ತ ಬಂದಿದೆ. ಭಾರತೀಯ ಖಗೋಳ ಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಕೂಡಿ ಕಟ್ಟಿದ, 1976ರಿಂದ ಕೆಲಸ ಮಾಡುತ್ತಿರುವ ರೇಡಿಯೋ ವೀಕ್ಷಣಾಲಯದಲ್ಲಿ 34.5 ಮೆಗಾಹರ್ಟ್ಸ್ ತರಂಗಾಂಕದಲ್ಲಿ ಆಕಾಶದ ಸಮೀಕ್ಷೆ ನಡೆದಿದೆ, ಮತ್ತು 1997ರಿಂದ ರೇಡಿಯೋಹೀಲಿಯೋಗ್ರಾಫ್ ಎಂಬ ಉಪಕರಣವು ಸೂರ್ಯನ ಹೊರಾವರಣವನ್ನು ಗಮನಿಸುತ್ತಿದೆ. ಪ್ರಯೋಗಾಲಯದ ಪ್ರಯೋಗವನ್ನು ಇನ್ನೊಮ್ಮೆ ಮಾಡಬಹುದು, ಆದರೆ ಕಳೆದುಹೋದ ದಿನವೊಂದರ ಸೂರ್ಯನನ್ನಾಗಲಿ, ಒಮ್ಮೆ ನಡುಗಿ ಸುಮ್ಮನಾದ ಭೂಮಿಯನ್ನಾಗಲಿ ಎರಡನೆಯ ಬಾರಿ ಅಳೆಯಲಾಗದು. ಡೇರಿಗೆ ರೈತನೊಬ್ಬ ಒಂದು ಬೆಳಿಗ್ಗೆ ಹಾಕಿದ ಹಾಲಿನ ಅಳತೆಯೂ ಅದರ ಫ್ಯಾಟ್ ಪ್ರಮಾಣವೂ ಅದೇ ಜಾತಿಯ ದಾಖಲೆ. ಆ ಹಾಲು ಸಂಜೆಗೆ ಎಲ್ಲಿಯೋ ಹೋಗಿರುತ್ತದೆ, ಉಳಿಯುವುದು ಅಂಕಿ ಮಾತ್ರ.

ದಾಖಲೆಯನ್ನು ಉಳಿಸುವ ಈ ಪ್ರಶ್ನೆಯನ್ನು ಕರ್ನಾಟಕ ಸರ್ಕಾರ ಪಹಣಿಯ ವಿಷಯದಲ್ಲಿ ಬಹಳ ಹಿಂದೆಯೇ ಎದುರಿಸಿತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿ, ಕೈಬರಹದ ಪಹಣಿಗೆ ಮಾನ್ಯತೆ ನಿಂತ ಮೇಲೆ, ರೈತನ ಹಕ್ಕಿನ ಆಧಾರ ಗ್ರಾಮಲೆಕ್ಕಿಗರ ಪುಸ್ತಕದಿಂದ ದತ್ತಾಂಶದ ಸಂಗ್ರಹಕ್ಕೆ ಬದಲಾಯಿತು. ತಾಲ್ಲೂಕು ಕಚೇರಿಯ ಕಂಪ್ಯೂಟರ್ ಇಂದು ಕೆಟ್ಟರೆ ಪಹಣಿ ಪಡೆಯುವುದು ತಡವಾಗಬಹುದು, ಹಕ್ಕು ಅಳಿಯದು. ಏಕೆಂದರೆ ದಾಖಲೆ ಆ ಯಂತ್ರದಲ್ಲಿಲ್ಲ. ಸಣ್ಣ ಅಂಗಡಿಯವರೂ ಮನೆಯವರೂ ಸಾಧಿಸಬೇಕಾದದ್ದು ಇದನ್ನೇ, ಮತ್ತು ಅದಕ್ಕೆ ದೊಡ್ಡ ಖರ್ಚು ಬೇಕಾಗಿಲ್ಲ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಎಂಬ ನಿಯಮ ಇಲ್ಲಿ ನೆರವಾಗುತ್ತದೆ: ದಾಖಲೆಯ 3 ಪ್ರತಿಗಳಿರಬೇಕು, ಅವು 2 ಬಗೆಯ ಮಾಧ್ಯಮಗಳಲ್ಲಿರಬೇಕು, ಅವುಗಳಲ್ಲಿ 1 ಬೇರೆ ಸ್ಥಳದಲ್ಲಿರಬೇಕು. ಮಂಚೇನಹಳ್ಳಿಯ ಅಂಗಡಿಯೊಂದಕ್ಕೆ ಇದರ ಅರ್ಥ, ಕಂಪ್ಯೂಟರಿನೊಳಗೆ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಗೌರಿಬಿದನೂರಿನ ನೆಂಟರ ಮನೆಯಲ್ಲೋ ಇಂಟರ್ನೆಟ್ ಮೂಲಕ ದೂರದ ಸರ್ವರಿನಲ್ಲೋ ಇನ್ನೊಂದು. ಒಂದೇ ಡಿಸ್ಕಿನ ಸಿ ಭಾಗದಿಂದ ಡಿ ಭಾಗಕ್ಕೆ ನಕಲು ಮಾಡುವುದು ಬ್ಯಾಕಪ್ ಅಲ್ಲ, ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ. ಫೋನು ಮತ್ತು ಕಂಪ್ಯೂಟರುಗಳಲ್ಲಿ ತಾನಾಗಿಯೇ ಹೊಂದಾಣಿಕೆಯಾಗುವ ಕ್ಲೌಡ್ ಫೋಲ್ಡರ್ ಕೂಡ ಪೂರ್ತಿ ಬ್ಯಾಕಪ್ ಅಲ್ಲ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಹೊರಗಿನ ಡಿಸ್ಕನ್ನು ಸದಾ ಜೋಡಿಸಿಯೇ ಇಡುವುದೂ ಸಲ್ಲದು. 2017ರ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈಯಂಥ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶಗಳು ಜೋಡಿಸಿರುವ ಡಿಸ್ಕುಗಳನ್ನೂ ಬಿಡುವುದಿಲ್ಲ.

ಬ್ಯಾಕಪ್ ಇದೆಯೆಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯ ಮುಖ್ಯ ದತ್ತಸಂಚಯ ಆಕಸ್ಮಿಕವಾಗಿ ಅಳಿದಾಗ, ಇದ್ದ ಹಲವು ಬಗೆಯ ಬ್ಯಾಕಪ್‌ಗಳಲ್ಲಿ ಹೆಚ್ಚಿನವು ಕೆಲಸವನ್ನೇ ಮಾಡುತ್ತಿರಲಿಲ್ಲವೆಂದು ಆಗ ತಿಳಿಯಿತು. ಸುಮಾರು 6 ಗಂಟೆಗಳ ಹಿಂದೆ ಬೇರೆ ಉದ್ದೇಶಕ್ಕಾಗಿ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಪ್ರತಿಯನ್ನು ಆಗಾಗ ಬೇರೊಂದು ಯಂತ್ರದಲ್ಲಿ ತೆರೆದು, ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ಲೆಕ್ಕವಾದರೆ ಅದನ್ನು ಮರುಸ್ಥಾಪಿಸಿ ಕೊನೆಯ ನಮೂದು ಬಂದಿದೆಯೇ ಎಂದು ನೋಡುವುದೇ ನಿಜವಾದ ಪರೀಕ್ಷೆ.

ಹೀಗೆ ತೆರೆದು ನೋಡುವಾಗ ಎರಡು ತೊಡಕುಗಳು ಎದುರಾಗುತ್ತವೆ. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕು ವಿಂಡೋಸಿನದೇ ಭದ್ರತಾ ವ್ಯವಸ್ಥೆಯಾದ ಬಿಟ್‌ಲಾಕರ್‌ನಿಂದ ಗೂಢಲಿಪೀಕರಣಗೊಂಡಿರುತ್ತದೆ. ಮದರ್‌ಬೋರ್ಡ್ ಬದಲಿಸಿದಾಗ ಅಥವಾ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದಾಗ ಅದು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ, ಅದು ಸಿಗದಿದ್ದರೆ ಡಿಸ್ಕ್ ಆರೋಗ್ಯವಾಗಿದ್ದರೂ ದಾಖಲೆ ದಕ್ಕುವುದಿಲ್ಲ. ಈ ಕೀಲಿಯನ್ನು ಕಾಗದದ ಮೇಲೆ ಬರೆದು ಜಮೀನಿನ ಪತ್ರಗಳ ಜೊತೆಯಲ್ಲೇ ಇಡುವುದು ಒಳ್ಳೆಯದು. ಇನ್ನೊಂದು ಕನ್ನಡಕ್ಕೆ ವಿಶೇಷವಾದುದು: ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತಗಳಲ್ಲಿ ಕನ್ನಡ ಅಕ್ಷರಗಳ ಬದಲು ಇಂಗ್ಲಿಷಿನ ಸಂಕೇತಗಳೇ ಅಡಗಿರುತ್ತವೆ, ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು ಮಾತ್ರ. ಇಂಥ ಕಡತಗಳನ್ನು ಇಟ್ಟುಕೊಂಡಿರುವ ಮುದ್ರಣಾಲಯಗಳು, ಸಂಘಸಂಸ್ಥೆಗಳು ಮತ್ತು ಲೇಖಕರು ಬ್ಯಾಕಪ್ಪಿನ ಜೊತೆಗೆ ಆ ಫಾಂಟುಗಳನ್ನೂ ಸೇರಿಸಿಡಬೇಕು, ಸಾಧ್ಯವಾದಷ್ಟು ಬೇಗ ಪರಿವರ್ತಕ ತಂತ್ರಾಂಶಗಳ ನೆರವಿನಿಂದ ಅವನ್ನು ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳೂ ಅರ್ಕಾವತ್ತುಗಳೂ ಸರಿಯಾಗಿ ಬಂದಿವೆಯೇ ಎಂದು ಪುಟಪುಟವನ್ನೂ ಓದಿ ನೋಡಬೇಕು.